ಹಾಸ್ಟೆಲ್ಲಿನ ತೀರ್ಥಪ್ರಸಂಗಗಳು

ಕಾಲೇಜು ಹುಡುಗರ ಕುಡಿತ ಬಿಡಿಸಲು ಹೊರಟವರು ಬುದ್ಧಿ ಹೇಳುವುದಕ್ಕಿಂತ ಬೆರಗಾಗಿ ಬಾಯಿ ಬಿಟ್ಟು ನಿಲ್ಲುವುದೇ ಹೆಚ್ಚು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಚನ್ನಗಿರಿ, ಜಗಳೂರು, ಹೊನ್ನಾಳಿ ಅಂತ ವರ್ಗವಾದಲ್ಲೆಲ್ಲ ಪಾಠದ ಜೊತೆಗೆ ಹಾಸ್ಟೆಲ್ ವಾರ್ಡನ್ ಕೆಲಸವೂ ನನ್ನ ಕೊರಳಿಗೇ ಬೀಳುತ್ತಿತ್ತು. ನಾನೋ ಕಾಫಿ ಬಿಟ್ಟು ಬೇರೇನೂ ಕುಡಿದವನಲ್ಲ. ಅದಕ್ಕೇ ಇರಬೇಕು, ಕಂಡದ್ದೆಲ್ಲ ಅದ್ಭುತವಾಗಿಯೇ ಕಂಡಿತು.

ಹೊಟ್ಟೆನೋವು

ಚನ್ನಗಿರಿಯಲ್ಲಿದ್ದಾಗ ತ್ಯಾವಣಿಗೆ ಕಡೆಯ ಹುಡುಗನೊಬ್ಬನಿಗೆ ಭಾನುವಾರ ಬಂತೆಂದರೆ ಹೊಟ್ಟೆನೋವು. ಬಿಸಿನೀರಿನ ರಬ್ಬರ್ ಚೀಲ ಹೊಟ್ಟೆಗೆ ಒತ್ತಿಕೊಂಡು ಮಲಗಿಬಿಡುತ್ತಿದ್ದ. ಪಾಪ ಎಂದು ನಾನೇ ಅಡಿಗೆಯವರಿಗೆ ಹೇಳಿ ಗಂಜಿ ಕಾಯಿಸಿ ಕೊಡಿಸುತ್ತಿದ್ದೆ. ಅವನ ಆರೈಕೆಗೆ ಹೋದ ಗೆಳೆಯರೆಲ್ಲ ನಗುನಗುತ್ತಾ ಹೊರಬರುತ್ತಿದ್ದರು. ಇಂಥ ಸ್ನೇಹ ನಮ್ಮ ಕಾಲದಲ್ಲಿ ಇರಲಿಲ್ಲವಲ್ಲ ಎಂದು ನನಗೆ ಕಣ್ಣು ತುಂಬಿ ಬರುತ್ತಿತ್ತು.

ಒಂದು ಸಲ, ನೀರು ಆರಿರಬಹುದು, ಬದಲಾಯಿಸೋಣ ಎಂದು ಚೀಲಕ್ಕೆ ಕೈ ಹಾಕಿದೆ. ಬಾವಿನೀರಿನಷ್ಟು ತಣ್ಣಗಿತ್ತು. ಬಿರಡೆ ತೆಗೆದರೆ ಸಾರಾಯಿ ವಾಸನೆ ಮೂಗಿಗೆ ಹೊಡೆಯಿತು. ಬಿಸಿನೀರಿನ ಚೀಲ ಇಷ್ಟು ತಣ್ಣಗೇಕಿದೆ ಎಂದು ಕೇಳಿದೆ. ಹುಡುಗ ತಲೆ ತಗ್ಗಿಸಿ ಬಲು ವಿನಯದಿಂದ ಹೇಳಿದ:

"ಹೊರಗಿದ್ದಾಗ ತಣ್ಣಗೈತೆ ಸಾರ್. ಒಳಗೆ ಹೋದ ಮೇಲೆ ಬಿಸಿ ಮಾಡ್ತೈತೆ."

ಪಾತ್ರಧಾರಿ

ಜಗಳೂರಿನಲ್ಲಿ ಪ್ರಿನ್ಸಿಪಾಲರು ಪಾನನಿರೋಧದ ಸಭೆ ಇಟ್ಟರು. ಭಾಷಣ ಬೇಡ, ಕುಡುಕನ ಗತಿಯನ್ನು ಹುಡುಗರು ಕಣ್ಣಾರೆ ನೋಡಲಿ ಎಂದು ನಾಟಕ ಕಂಪನಿಯ ಹಿರಿಯ ನಟರೊಬ್ಬರನ್ನು ಕರೆಸಿದರು. ಅವರು ಜನ್ಮದಲ್ಲಿ ಒಂದು ಹನಿ ಮುಟ್ಟಿದವರಲ್ಲ. ಆದರೆ ವೇದಿಕೆ ಹತ್ತಿ ತೂರಾಡಿದ್ದೇ ತಡ, ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. ಹೆಂಡತಿಯ ಕಾಲು ಹಿಡಿದು ಅಳುವ ಭಾಗಕ್ಕೆ ಬಂದಾಗ ಹಾಸ್ಟೆಲ್ಲಿನ ಪಳಗಿದ ಕುಡುಕರೇ ಬಿಕ್ಕಿ ಅತ್ತರು. ಅಂಥ ಕಲೆಯನ್ನು ನಾನು ಮತ್ತೆ ಕಾಣಲಿಲ್ಲ.

ಚಪ್ಪಾಳೆ ಕೇಳಿ ಹುರುಪು ಬಂದು ನಟರು ಅದೇ ನಡಿಗೆಯಲ್ಲಿ ಬಸ್ ಸ್ಟ್ಯಾಂಡಿನ ತನಕ ಹೋದರು. ಅಲ್ಲಿ ಕಾನ್‌ಸ್ಟೇಬಲ್ ಒಬ್ಬ ಹಿಡಿದು ಸ್ಟೇಷನ್ನಿಗೆ ಕರೆದೊಯ್ದ. ನಾವು ಓಡಿಹೋಗಿ ಇವರು ಕುಡಿದೇ ಇಲ್ಲ ಎಂದೆವು. ಅವನು ನಂಬದೆ ಬಾಯಿ ಮೂಸಿ ನೋಡಿದ. ಎಲೆಅಡಿಕೆಯ ಘಮ ಬಿಟ್ಟರೆ ಏನೂ ಇಲ್ಲ. ಕಾನ್‌ಸ್ಟೇಬಲ್ ನಟರಿಗೆ ಕೈ ಮುಗಿದ.

"ಕುಡೀದೇನೇ ಹಿಂಗಾದ್ರೆ, ನೀವು ಕುಡಿದ್ರೆ ನಮ್ಮ ಸ್ಟೇಷನ್ ಸಾಲಲ್ಲ ಬಿಡ್ರಿ."

ಎಮ್ಮೆಯ ಔಷಧಿ

ಹೊನ್ನಾಳಿಯಲ್ಲಿ ಒಬ್ಬ ಹುಡುಗನ ಟ್ರಂಕಿನಲ್ಲಿ ಸಾರಾಯಿ ಬಾಟಲಿ ಸಿಕ್ಕಿತು. ಹಾಸ್ಟೆಲ್ಲಿನಿಂದ ಹೊರಹಾಕುವುದೇ ನಿಯಮ. ಹೊರಹಾಕಿದರೆ ಓದು ಅಲ್ಲಿಗೇ ಮುಗಿಯುತ್ತಿತ್ತು. ಅವನ ಮನೆಯಲ್ಲಿ ಕಾಲೇಜು ಕಂಡವನು ಅವನೊಬ್ಬನೇ, ತಂದೆಯೂ ಇರಲಿಲ್ಲ. ತಾಯಿಗೆ ಹೇಳಿ ಕಳಿಸಿದೆ.

ನ್ಯಾಮತಿ ಕಡೆಯ ಹಳ್ಳಿಯಿಂದ ಆಕೆ ಬಸ್ಸಿಗೆ ಬಂದರು. ಅಳುತ್ತಾರೆ, ಇಲ್ಲವೇ ಮಗನಿಗೆ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಬಾಟಲಿ ತೆರೆದು ಮೂಸಿ, ಎಮ್ಮೆಗೆ ಹೊಟ್ಟೆ ಉಬ್ಬರಿಸಿದಾಗ ಇದಕ್ಕೇ ಬೆಳ್ಳುಳ್ಳಿ ಜಜ್ಜಿ ಹಾಕಿ ಬಿದಿರಿನ ಕೊಳವೆಯಲ್ಲಿ ಕುಡಿಸುತ್ತೇವೆ ಎಂದು ನನಗೆ ಶಾಂತವಾಗಿ ವಿವರಿಸಿದರು. ಕಿಟಕಿಯ ಹೊರಗೆ ಇಡೀ ಹಾಸ್ಟೆಲ್ ಕಿವಿಗೊಟ್ಟು ನಿಂತಿತ್ತು. ಆಕೆ ಮಗನ ಕಡೆ ತಿರುಗಿದರು.

"ಇದನ್ನ ಎಮ್ಮೆಗೆ ಕುಡಿಸಾಕೆ ನಾಕಾಳು ಹಿಡೀಬೇಕು ಕಣಪ್ಪ. ನಿನ್ನ ಯಾರು ಹಿಡಿದಿದ್ರು?"

ಹುಡುಗ ತಾಯಿಯ ಕಾಲಿನ ಹತ್ತಿರ ಕೂತು ಅತ್ತ. ಅವನನ್ನು ಹೊರಹಾಕಬೇಡಿರೆಂದು ಪ್ರಿನ್ಸಿಪಾಲರನ್ನು ನಾನೇ ಬೇಡಿಕೊಂಡೆ. ನಾನು ವರ್ಷಗಟ್ಟಲೆ ಕೊರೆದರೂ ಆಗದ್ದು ಆಕೆಯ ಒಂದು ಮಾತಿಗೆ ಆಯಿತು. ಹುಡುಗ ಮತ್ತೆ ಸಾರಾಯಿ ಮುಟ್ಟಲಿಲ್ಲ. ಮುಟ್ಟಲು ಗೆಳೆಯರು ಬಿಡಬೇಕಲ್ಲ! ಡಿಗ್ರಿ ಮುಗಿಯುವ ತನಕ ಅವನು ಊಟಕ್ಕೆ ಕೂತು ನೀರಿನ ಲೋಟ ಎತ್ತಿದರೂ ಸಾಕು, ನಾಲ್ವರು ಎದ್ದು ಓಡಿಬಂದು ಕೈಕಾಲು ಹಿಡಿದುಕೊಳ್ಳುತ್ತಿದ್ದರು.