ಪಾಮ್ ಗಿಡದ ಮಡಿಲಕ್ಕಿ

ದೇವನೂರಿನ ನರ್ಸರಿ ರುದ್ರೇಶ ಕೆಟ್ಟದ್ದೇ ಬಾಯಿಂದ. ಊಟಿಯ ನಂದಿತಾ ಮೇಡಂ ಬೆಳಿಗ್ಗೆ ಫೋನ್ ಮಾಡಿ, "ಚಳಿಗೆ ಜಗ್ಗದ ಪಾಮ್ ಬೇಕು. ನಾಳೆ ಅಮಾವಾಸ್ಯೆ, ಇವತ್ತೇ ಬರಬೇಕು. ತಂದರೆ ಬಂಗಲೆ ತೋಟವಿಡೀ ನಿಮಗೇ" ಎಂದಿದ್ದರು. "ನಮ್ಮತ್ರ ಐತೆ ಮೇಡಂ" ಅಂದುಬಿಟ್ಟ. ಇದ್ದದ್ದು ಬರೀ ಕರಿಬೇವು, ಕ್ರೋಟನ್.

ಎರಡು ತಾಲ್ಲೂಕಿಗೆ ಫೋನ್ ಹಚ್ಚಿದ ಮೇಲೆ ಒಂದು ಸಿಕ್ಕಿತು, ಸೋಸಲೆಯ ಚಿಕ್ಕಮಾದಮ್ಮನ ಅಂಗಳದ ಡ್ರಮ್ಮಿನಲ್ಲಿ. ಬೀಸಣಿಗೆಯಂಥ ಎಲೆ, ಕಂಬಳಿ ಹೊದ್ದಂತೆ ಕಾಂಡದ ತುಂಬ ನಾರು. ತೀರಿಹೋದ ಗಂಡ ಊಟಿಯಿಂದಲೇ ತಂದ ಸಸಿ.

"ಮಾರಕ್ಕಿಲ್ಲ ಓಗಪ್ಪ. ಮಕ್ಕಳಿಲ್ಲದೋಳು, ಮಗಳಂಗೆ ಸಾಕಿವ್ನಿ."

"ಮಾರ್‌ಬ್ಯಾಡ ಕಣವ್ವ. ಮಗಳ್ನ ಗಂಡನ ಮನೆಗೆ ಕಳಿಸ್ದಂಗೆ ಅನ್ಕೊ!"

ಮುದುಕಿ ಕಣ್ಣೊರೆಸಿಕೊಂಡಳು. "ನಾಡಿದ್ದೇ ಆಸಾಡ ಉಟ್ತದೆ. ಈಗ ಕಳ್ಸದಾ?"

"ಊಟಿಯೋರು ಅವೆಲ್ಲಾ ನೋಡಕಿಲ್ಲ ಕಣವ್ವ."

ಮುದುಕಿ ಹೂಂ ಅಂದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪಕ್ಕದ ಮನೆ ರಾಚಮ್ಮನ ಕಿವಿಗೆ ಬಿತ್ತು ನೋಡಿ! "ಎಣ್ಣುಮಗ ಬರಿಗೈಲಿ ಓಗದಾ?" ಎಂದು ಬೀದಿಯನ್ನೇ ಕರೆತಂದಳು. ಮದುವಣಗಿತ್ತಿಗೆ ನೀರು ಹಾಕಲು ಹಂಡೆ ಬಿಸಿನೀರು ಬಂತು.

"ಬ್ಯಾಡ್ರವ್ವಾ, ಬೇರು ಬೆಂದೋಯ್ತದೆ!" ಎಂದು ರುದ್ರೇಶ ಅಡ್ಡ ನಿಂತ. ಬೆಂದದ್ದು ಅವನ ಕಾಲು. ಗಿಡಕ್ಕೆ ಅರಿಸಿನ ಕುಂಕುಮ ಹಚ್ಚಿ, ಹಸಿರು ರವಿಕೆ ಕಣದಲ್ಲಿ ಮಡಿಲಕ್ಕಿ ಕಟ್ಟಿದರು. ಹೆಣ್ಣನ್ನು ಎತ್ತಲು ಸೋದರಮಾವ ಬೇಕಲ್ಲ? ಇವನನ್ನೇ ಮಾಡಿದರು. ಡ್ರಮ್ಮನ್ನು ಒಬ್ಬನೇ ಪಿಕಪ್‌ಗೆ ಏರಿಸುವಷ್ಟರಲ್ಲಿ ಸೊಂಟ ಹಿಡಿಯಿತು.

ಘಾಟಿಯ ಪ್ರತಿ ತಿರುವಿಗೂ "ಅಯ್ಯಪ್ಪಾ" ಎನ್ನುತ್ತ ಸಂಜೆಗೆ ಊಟಿ ಮುಟ್ಟಿದ. ಗಿಡ ನೋಡಿ ನಂದಿತಾ ಕುಣಿದಾಡಿದರು. "ಇನ್ಮೇಲೆ ತೋಟ ನಿಮ್ದೇ ರುದ್ರೇಶ್!" ಅವನಿಗೆ ಸೊಂಟನೋವು ಮರೆತೇಹೋಯಿತು.

ಅಷ್ಟರಲ್ಲಿ ಅವರ ಅತ್ತೆ, ಸುತ್ತೂರು ಕಡೆಯ ಪುಟ್ಟಬಸಮ್ಮ, ಶಾಲು ಹೊದ್ದು ಬಂದು ಗಂಟು ಮುಟ್ಟಿ ನೋಡಿದರು. "ಏನಪ್ಪಾ ಇದು?"

"ಮಡಿಲಕ್ಕಿ ಕಣವ್ವ. ತವರಿನೋರ ಆಸೆ."

"ನಾಡಿದ್ದು ಆಷಾಢ. ಹೊಸ ಸೊಸೇನ ಅತ್ತೆ ಮನೇಲಿ ಇಟ್ಕೋತಾರಾ? ಕಳೆದ ಮೇಲೆ ಕರ್ಕೊಂಡ್ ಬಾ."

"ಅವ್ವಾ, ಇದು ಗಿಡ!"

"ಗಿಡಕ್ಕೆ ಯಾರಪ್ಪ ಮಡಿಲಕ್ಕಿ ಕಟ್ತಾರೆ?"

ನಂದಿತಾ ಅತ್ತೆಯ ಮುಖ ನೋಡಿದರು. "ತೋಟದ ಮಾತೂ ಆಮೇಲೇ ಆಗ್ಲಿ ರುದ್ರೇಶ್" ಎಂದು ಒಳಗೆ ಹೋದರು.

ರುದ್ರೇಶ ಸೋಸಲೆಗೆ ಫೋನ್ ಮಾಡಿದ. "ಅವ್ವ, ಮಗಳು ತವರಿಗೆ ಬತ್ತಾವ್ಳೆ."

"ಓದ ದಿನವೇ ವಾಪಸ್ಸಾ? ಬೀದಿಯೋರು ಏನಂದಾರು! ಸೋದರಮಾವ ನೀನಿಲ್ವಾ, ನಿನ್ ಮನೇಲೇ ಮಡಿಕೊ." ಚಿಕ್ಕಮಾದಮ್ಮ ಮೂಗು ಸೀಟಿಕೊಂಡಳು. "ಒಂದು ತಿಂಗ್ಳು ಮಗಳ ಬುಟ್ಟು ನಾನೆಂಗಿರ್ಲಿ? ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಬತ್ತೀನಿ. ರಾಚಮ್ಮನೂ ಬತ್ತಾಳೆ."