ಅವ್ವನ ಚಹಾದ ಗುಳಿಗೆ

ಮಾತು ಕಡಿಮೆ ಇರುವವರಿಗೆ ಸಕ್ಕರೆ ದೊಡ್ಡ ಆಸರೆ. ಮನೆಗೆ ಬಂದವರಿಗೆ ಏನು ಹೇಳಬೇಕೆಂದು ತೋಚದಿದ್ದಾಗ ಚಹಾಕ್ಕೆ ಇನ್ನೊಂದು ಚಮಚ ಹಾಕಿ ಕೊಟ್ಟರಾಯಿತು. ಲೋಟ ಕೆಳಗಿಡುವ ಹೊತ್ತಿಗೆ ಹುಡುಗಿ ಒಳ್ಳೆಯವಳು ಎಂದುಕೊಳ್ಳುತ್ತಾರೆ. ಹೊನ್ನಾಳಿಯ ಜೂನಿಯರ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಲು ಬಂದ ಮೇಲೆ ನನಗೆ ಸಿಕ್ಕ ಅಷ್ಟಿಷ್ಟು ಒಳ್ಳೆಯ ಹೆಸರು ಹೀಗೆ ಸಂಪಾದಿಸಿದ್ದೇ.

ಆ ಆಸರೆಗೆ ಕುತ್ತು ಬಂದದ್ದು ಅವ್ವನ ಕಾಲಿನಿಂದ. ಹೆಬ್ಬೆರಳಿಗೆ ಚಪ್ಪಲಿ ಕಚ್ಚಿದ ಗಾಯ ಎಷ್ಟು ದಿನವಾದರೂ ಮಾಯಲಿಲ್ಲ. ದಾವಣಗೆರೆಯ ಡಾಕ್ಟರು ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಎಂದರು. ಔಷಧ ಬರೆದುಕೊಟ್ಟು, ಸಿಹಿ ಬಿಡದಿದ್ದರೆ ಬೆರಳು ತೆಗೆಯಬೇಕಾದೀತು ಎಂದೂ ಹೇಳಿದರು. ಬಸ್ಸಿನಲ್ಲಿ ನಾನು ಆ ಬೆರಳನ್ನೇ ನೋಡುತ್ತಾ ಬಂದೆ. ಅವ್ವನ ಚಿಂತೆ ಬೇರೆಯಿತ್ತು. ನಮ್ಮಲ್ಲಿ ಚಹಾ ಎಂದರೆ ನೀರು, ಹಾಲು, ಪುಡಿ, ಸಕ್ಕರೆ ಎಲ್ಲವೂ ಒಂದೇ ಪಾತ್ರೆಯಲ್ಲಿ ಕುದಿಯಬೇಕು. "ನನಗೊಬ್ಬಳಿಗೆ ಬ್ಯಾರೆ ಪಾತ್ರೆ ಇಡ್ತೀಯೇನೇ? ನಾನೇನು ಆಸ್ಪತ್ರ್ಯಾಗೆ ಮಲಗಿದೀನಾ?" ಎಂದಳು.

ಅದಕ್ಕೇ ನಾಲಿಗೆಗೆ ಮಾತ್ರ ಸಿಹಿಯೆನಿಸುವ ಸ್ಯಾಕರಿನ್ ಗುಳಿಗೆಯ ಶೀಸೆ ತಂದು, ಸಕ್ಕರೆಯ ಬದಲು ಪಾತ್ರೆಗೇ ಹಾಕಿದೆ. ಬೇರೆ ಲೋಟ, ಬೇರೆ ಪಂಕ್ತಿ ಯಾವುದೂ ಬೇಡ. ಈಚೆಗೆ ಬಿಗಿಯಾಗುತ್ತಿದ್ದ ನನ್ನ ರವಿಕೆಗಳಿಗೂ ಇದರಿಂದ ಉಪಕಾರವಾದೀತೆಂಬ ಆಸೆಯಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಎದುರು ಮನೆಯ ಖತೀಜಾಬಿ ರವಿಕೆ ಹೊಲಿಯುವವರು, ದಿನವೂ ಮಧ್ಯಾಹ್ನ ಅವ್ವನ ಜೊತೆ ಚಹಾಕ್ಕೆ ಬರುವವರು. ಮೊದಲ ದಿನ ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿದರು.

"ಮೊದ್ಲು ಸಿಹಿ ಐತೆ ಅಕ್ಕಾರೆ. ಆಮ್ಯಾಲೆ ಯಾರೋ ಬೈದಂಗೆ ಐತೆ."

ಮುಚ್ಚಿಡಬಾರದೆಂದು ನಾನು, ಪರದೇಶದಲ್ಲಿ ಇಲಿಗಳಿಗೆ ಇದನ್ನು ವಿಪರೀತ ತಿನ್ನಿಸಿ ನೋಡಿದಾಗ ಅವುಗಳಿಗೆ ಒಳ್ಳೆಯದಾಗಲಿಲ್ಲವೆಂದು ಎಲ್ಲೋ ಓದಿದ್ದನ್ನು ತಿಳಿಸಿದೆ.

"ಇಲಿಗೆ ಯಾಕ್ರೀ ಚಾ ಮಾಡಿ ಕೊಟ್ರು?" ಎಂದರು ಖತೀಜಾಬಿ.

"ಮನ್ಯಾಗೆ ಬೆಕ್ಕಿರಲಿಲ್ಲೇನೋ," ಎಂದಳು ಅವ್ವ.

ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿರಲಿಲ್ಲ, ಗಾಯ ಹಾಗೇ ಇತ್ತು. ಡಾಕ್ಟರು ಬೆರಳನ್ನು ಒತ್ತಿ ನೋಡಿ ಕೈ ತೊಳೆದುಕೊಂಡರು. ಇಬ್ಬರೂ ಮನೆಗೆ ಬಂದು ಊಟಕ್ಕೆ ಕೂತರೆ, ಕೊನೆಗೆ ಅವ್ವ ಬೆಲ್ಲದ ಶೇಂಗಾ ಉಂಡೆ ಹಿಡಿದು ಕೂತಿದ್ದಾಳೆ.

"ಇದೇನವ್ವಾ?"

"ಚಾದಾಗೆ ಉಳಿಸಿದ್ದನ್ನ ಇಲ್ಲಿ ತಿಂತೀನಿ. ಅದ್ಕೇ ಅಲ್ವೇನೇ ನೀನು ಗುಳಿಗೆ ತಂದಿದ್ದು?"

ನಾನು ತರಗತಿಯ ದನಿಯಲ್ಲಿ ವಿವರಿಸತೊಡಗಿದೆ. ಅವ್ವ ಉಂಡೆ ಮುಗಿಸಿ ಹೇಳಿದಳು: "ಮೊದ್ಲು ನೀನು ಚಾಗೆ ಒಂದು ಬೆಣ್ಣೆ ಬಿಸ್ಕತ್ತು ತಿಂತಿದ್ದೆ. ಈಗ ಡಬ್ಬಿನೇ ಪಕ್ಕಕ್ಕೆ ಇಟ್ಕಂಡು ಕೂರ್ತೀಯ. ನಿನಗೆ ಯಾರು ಪಾಠ ಹೇಳೋರು?"

ಅವ್ವನ ಮಾತು ನಿಜ. ಖತೀಜಾಬಿ ಹಿಂದಿನ ವಾರವಷ್ಟೇ, ಏನೂ ಕೇಳದೆ, ನನ್ನ ರವಿಕೆಗಳ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಿದ್ದರು. ಗುಳಿಗೆ ನಾಲಿಗೆಯನ್ನು ಸಮಾಧಾನ ಮಾಡುತ್ತದೆ, ಆಸೆಯನ್ನಲ್ಲ. ಚಹಾದಲ್ಲಿ ಸಿಗದ್ದನ್ನು ಆಸೆ ಡಬ್ಬಿಯಲ್ಲಿ ಹುಡುಕುತ್ತದೆ. ಅಲ್ಲಿ ಉಳಿಸಿದ್ದನ್ನು ಇಲ್ಲಿ ತಿನ್ನಬಹುದೆಂಬ ಲೆಕ್ಕ ಹಾಕಿ ನಾವಿಬ್ಬರೂ ಅದಕ್ಕೆ ಸಮರ್ಥನೆ ಒದಗಿಸಿದ್ದೆವು.

ಉಂಡೆ, ಬಿಸ್ಕತ್ತು, ಶೀಸೆ ಮೂರೂ ಅಟ್ಟ ಸೇರಿದವು. ಪಾತ್ರೆ ಒಂದೇ ಉಳಿಯಿತು, ಸಿಹಿ ಯಾರಿಗೂ ಇಲ್ಲ. ನಾನೂ ಅದನ್ನೇ ಕುಡಿಯುವುದನ್ನು ನೋಡಿ ಅವ್ವ ತಕರಾರು ಮಾಡಲಿಲ್ಲ. ಗಾಯದ ಅಂಚು ನಿಧಾನವಾಗಿ ಒಣಗತೊಡಗಿತು. ಅವ್ವ ಬೆರಳು ಅಲ್ಲಾಡಿಸಿ ತೋರಿಸಿದ ದಿನ ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಆದರೆ ಬಂದವರು ಅರ್ಧ ಲೋಟ ಬಿಟ್ಟು ಏಳುವುದು ಅವ್ವನಿಗೆ ಸಹಿಸಲಾಗಲಿಲ್ಲ. "ಸಕ್ಕರೆ ಹಾಕಾಕಂತೂ ಆಗಲ್ಲ. ಬಂದೋರ ಹತ್ರ ನಾಕು ಮಾತಾದ್ರೂ ಆಡೇ," ಎಂದಳು.

ನ್ಯಾಯವೇ. ಮರುದಿನ ಖತೀಜಾಬಿಯ ಎದುರು ಕೂತು, ಸೆಕೆಯ ವಿಚಾರ ಎತ್ತಿದೆ. ಅದು ಬೇಗ ಮುಗಿಯಿತು. ಉಳಿದ ಸಮಯಕ್ಕೆ, ಸಕ್ಕರೆ ದೇಹದಲ್ಲಿ ಕರಗುವ ಬಗೆಯನ್ನು ಕ್ರಮವಾಗಿ ತಿಳಿಸಿಕೊಟ್ಟೆ. ಅವರು ತಾಳ್ಮೆಯಿಂದ ಕೇಳಿ, ಲೋಟ ಕೆಳಗಿಟ್ಟು, ಅವ್ವನ ಕಡೆ ತಿರುಗಿದರು.

"ಅಕ್ಕಾರೆ, ಆ ಗುಳಿಗೆ ಶೀಸೆ ಇನ್ನೂ ಐತೇನ್ರೀ?"