ಹದಿಮೂರು ವರ್ಷ ಕದಲದ ಕಾರಿಗೆ

ನನ್ನ ಹೊಲಿಗೆ ಅಂಗಡಿಯ ಪಕ್ಕದ ನನ್ನದೇ ಖಾಲಿ ಜಾಗದಲ್ಲಿ ಹದಿಮೂರು ವರ್ಷಗಳಿಂದ ವಿರಾಜಮಾನರಾಗಿರುವ, ಎದುರುಮನೆ ಹೆಡ್‌ಮಾಸ್ಟರರ ಕೆಟ್ಟು ನಿಂತ ಕಾರಿನವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಟಾರ್ಪಾಲಿನ್ ಹೊದಿಕೆಯೊಳಗೆ ಕ್ಷೇಮವೆಂದು ನಂಬಿ, ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ನಮಸ್ಕರಿಸುತ್ತೇನೆ. ತಮ್ಮ ಯಜಮಾನರು ನಿನ್ನೆ ವಕೀಲರ ಮೂಲಕ ನನಗೊಂದು ನೋಟಿಸು ದಯಪಾಲಿಸಿದ್ದಾರೆ. ಯಾರ ಅಪ್ಪಣೆಯನ್ನೂ ಕೇಳದೆ, ಎಲ್ಲರ ಕಣ್ಣೆದುರೇ, ಹನ್ನೆರಡು ವರ್ಷಕ್ಕೂ ಮೀರಿ ತಮ್ಮನ್ನು ಅಲ್ಲಿ ನಿಲ್ಲಿಸಿಕೊಂಡಿದ್ದರಿಂದ ಕಾನೂನಿನ ಪ್ರಕಾರ ಆ ಜಾಗ ಅವರದ್ದೇ ಆಯಿತಂತೆ. ಓದುತ್ತಾ ನಾನು ಬಾಯಲ್ಲಿದ್ದ ಗುಂಡುಪಿನ್ನು ನುಂಗುವುದೊಂದು ಬಾಕಿ.

ಆದರೆ ಸ್ವಾಮಿ, ನಿಜವಾಗಿ ದುಡಿದವರು ತಾವು! ಬಿಸಿಲು ಮಳೆ ಎನ್ನದೆ ನಿಂತವರು, ನಾಲ್ಕೂ ಚಕ್ರದ ಗಾಳಿ ತ್ಯಾಗ ಮಾಡಿದವರು, ಬೀದಿಯ ಬೆಕ್ಕುಗಳಿಗೆಲ್ಲ ಹೆರಿಗೆ ಕೋಣೆಯಾದವರು ತಾವು. ಹೆಡ್‌ಮಾಸ್ಟರರು ಒಂದು ಗಂಟೆಯಾದರೂ ಅಲ್ಲಿ ನಿಂತದ್ದುಂಟೇ? ಆದ್ದರಿಂದ ಹಕ್ಕುಪತ್ರವನ್ನು ತಮ್ಮ ಹೆಸರಿಗೇ ಮಾಡಿಸಿಕೊಳ್ಳಬೇಕೆಂದು ಕೋರುತ್ತೇನೆ. ಸಹಿಗೆ ಬದಲಾಗಿ ಒಂದು ಹಾರ್ನ್ ಹೊಡೆದರೆ ನಾನೇ ಸಾಕ್ಷಿ ಹಾಕುತ್ತೇನೆ.

ಇದರೊಂದಿಗೆ ನನ್ನ ಅಕ್ಕನ ಪರವಾಗಿ ಒಂದು ಅರ್ಜಿಯೂ ಇದೆ. ನನ್ನ ಅಂಗಡಿಗೆ ಬರುವ ಅಂಗಿಗಳಿಗೆಲ್ಲ ಕಾಜಾ ಹಾಕಿ ಗುಂಡಿ ಹೊಲಿಯುವ ಅವಳಿಗೆ ಆ ಜಾಗದಲ್ಲಿ ಒಂದು ಕೋಣೆ ಕಟ್ಟಬೇಕೆಂದು ಕಿಟಕಿಯ ಚೌಕಟ್ಟನ್ನೂ ತಂದಿಟ್ಟಿದ್ದೆ. ತಮ್ಮನ್ನು ತೆಗೆಸಲು ಹೊರಟಾಗಲೆಲ್ಲ, “ಪಾಪ, ಮೇಷ್ಟ್ರು ಬೇಜಾರ್ ಮಾಡ್ಕೋತಾರೆ, ಇರ್ಲಿ ಬಿಡೋ” ಎಂದು ತಡೆದವಳೂ ಅವಳೇ. ಇವತ್ತಿಗೂ ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ಚಾಪೆ ಹಾಸಿಕೊಂಡು, ಕಾಲು ಪೂರ್ತಿ ಚಾಚಲಾಗದೆ ಮಲಗುತ್ತಾಳೆ. ತಾವು ದೊಡ್ಡ ಮನಸ್ಸು ಮಾಡಿ, ಎಂಜಿನ್ನಿನ ಹಂಗಿಲ್ಲದೆ, ರಸ್ತೆ ದಾಟಿ ತಮ್ಮ ಯಜಮಾನರ ವರಾಂಡಕ್ಕೆ ನಡೆದುಹೋಗಿ, ಅಲ್ಲಿಯೂ ಒಂದು ಹನ್ನೆರಡು ವರ್ಷ ನಿಲ್ಲುವ ಕೃಪೆ ಮಾಡಬೇಕು.

ಇಂತಿ, ತಮ್ಮ ನೆರಳಿನಲ್ಲೇ ಸೂಜಿಗೆ ದಾರ ಪೋಣಿಸುತ್ತಿರುವ
ತಮ್ಮ ವಿಶ್ವಾಸಿ,
ಪಕ್ಕದಂಗಡಿ ಟೈಲರ್

ತಾ.ಕ.: ರಿಪೇರಿ ಬಟ್ಟೆಯ ಜೊತೆ ಬರುವ ಚೀಟಿಗಳನ್ನು ನಾನು ಎಸೆಯುವುದಿಲ್ಲ, ತಂತಿಗೆ ಚುಚ್ಚಿಡುತ್ತೇನೆ. ನಿನ್ನೆ ಅಕ್ಕ ಆ ತಂತಿಯ ತಳದಿಂದ ಒಂದನ್ನು ಬಿಡಿಸಿ ತಂದಳು. ಹದಿಮೂರು ವರ್ಷದ ಹಿಂದಿನದು, ತಮ್ಮ ಯಜಮಾನರದೇ ದುಂಡಕ್ಷರ, ತಾರೀಖು, ಸಹಿ ಸಮೇತ: “ಪ್ಯಾಂಟಿನ ಸೊಂಟ ಒಂದಿಂಚು ಸಡಿಲಿಸಿ. ನನ್ನ ಕಾರು ಕೆಟ್ಟಿದೆ, ನಿಮ್ಮ ಜಾಗದಲ್ಲಿ ಒಂದು ವಾರ ನಿಲ್ಲಿಸಿಕೊಳ್ಳಲು ದಯವಿಟ್ಟು ಅಪ್ಪಣೆ ಕೊಡಿ.” ಅಪ್ಪಣೆ ಕೇಳಿ ಬಂದವರು ಎಷ್ಟು ವರ್ಷ ಕೂತರೂ ನೆಂಟರೇ ಹೊರತು ಒಡೆಯರಾಗುವುದಿಲ್ಲವೆಂದು ನನ್ನ ವಕೀಲರು ಹೇಳುತ್ತಾರೆ. ಅವರ ಸೊಂಟವನ್ನು ಆಮೇಲೂ ನಾಲ್ಕು ಸಲ ಸಡಿಲಿಸಿಕೊಟ್ಟಿದ್ದೇನೆ. ಆ ಒಂದು ವಾರವನ್ನು ಮಾತ್ರ ಇನ್ನು ಸಡಿಲಿಸಲಾರೆ.